ಅಯಾನ್‌ಕ್ಯೂ ತವರು ಯಾವುದು?

ಪ್ರಶ್ನೆ: ಅಯಾನ್‌ಕ್ಯೂ ಎಂಬ ಕ್ವಾಂಟಂ ಕಂಪ್ಯೂಟರ್ ಕಂಪನಿ ವಿಶ್ವವಿದ್ಯಾಲಯದ ಕೂಸು ಅನ್ನುತ್ತಾರಲ್ಲ, ನಿಜವೇ? ಲ್ಯಾಬಿನಲ್ಲೇ ಯಂತ್ರ ಇದ್ದಮೇಲೆ ಕಂಪನಿ ಯಾಕೆ ಬೇಕಾಯಿತು?

ಉತ್ತರ: ನಿಜ, ಆದರೆ ತವರು ಒಂದಲ್ಲ, ಎರಡು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಮನ್ರೋ, ಡ್ಯೂಕ್ ವಿಶ್ವವಿದ್ಯಾಲಯದ ಜುಂಗ್‌ಸಾಂಗ್ ಕಿಮ್ ಸೇರಿ 2015ರಲ್ಲಿ ಕಟ್ಟಿದ್ದು. ಮೊದಲ ಬಂಡವಾಳ 20 ಲಕ್ಷ ಡಾಲರ್, ಕೊಟ್ಟದ್ದು ನ್ಯೂ ಎಂಟರ್‌ಪ್ರೈಸ್ ಅಸೋಸಿಯೇಟ್ಸ್ ಎಂಬ ಹೂಡಿಕೆ ಸಂಸ್ಥೆ. ಮೂಲ ತಂತ್ರಜ್ಞಾನವನ್ನು ಎರಡೂ ವಿಶ್ವವಿದ್ಯಾಲಯಗಳಿಂದ ಲೈಸೆನ್ಸ್ ಮೇಲೆ ಪಡೆದರು. ಬೇರು ಇನ್ನೂ ಹಳೆಯದು: 1995ರಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್‌ನಲ್ಲಿ ಮನ್ರೋ ಮತ್ತು ಭೌತವಿಜ್ಞಾನಿ ಡೇವಿಡ್ ವೈನ್‌ಲ್ಯಾಂಡ್ ಇದ್ದ ತಂಡ ಒಂದೇ ಒಂದು ಬೆರಿಲಿಯಂ ಅಯಾನಿನ (ವಿದ್ಯುದಂಶ ಹೊತ್ತ ಪರಮಾಣು) ಮೇಲೆ ಕ್ವಾಂಟಂ ಗೇಟ್, ಅಂದರೆ ಲೆಕ್ಕದ ಒಂದು ಮೂಲ ಹೆಜ್ಜೆ, ನಡೆಸಿ ತೋರಿಸಿತ್ತು.

ಇನ್ನು ಕಂಪನಿ ಯಾಕೆ? ಈ ಯಂತ್ರದಲ್ಲಿ ಲೆಕ್ಕದ ಮಾಹಿತಿ ಹೊರುವುದು ಅಯಾನುಗಳೇ. ನಿರ್ವಾತದ ಡಬ್ಬಿಯೊಳಗೆ ಇಟರ್ಬಿಯಂ-171 ಅಯಾನುಗಳು ವಿದ್ಯುತ್ ಕ್ಷೇತ್ರದ ಹಿಡಿತದಲ್ಲಿ, ಕೆಲವೇ ಮೈಕ್ರೊಮೀಟರ್ ಅಂತರದಲ್ಲಿ ಮಣಿಸರದಂತೆ ತೇಲುತ್ತವೆ. 369 ನ್ಯಾನೊಮೀಟರ್ ಲೇಸರ್ ಅವನ್ನು ತಣಿಸುತ್ತದೆ. ಒಳಗೆ ಉಳಿದ ಒಂದು ಅನಿಲದ ಅಣು ಡಿಕ್ಕಿ ಹೊಡೆದರೂ ಸರ ಚದುರಬಹುದು. ಕನ್ನಡಿ ಒಂದಿಷ್ಟು ಜರುಗಿದರೆ ಲೆಕ್ಕ ನಡೆಸುವ ಲೇಸರ್ ಗುರಿ ತಪ್ಪಿ ಲೆಕ್ಕವೇ ಕೆಡುತ್ತದೆ. ಲ್ಯಾಬಿನಲ್ಲಾದರೆ ಪಿಎಚ್‌ಡಿ ವಿದ್ಯಾರ್ಥಿ ತಿರುಪು ತಿರುಗಿಸಿ ಸರಿಮಾಡುತ್ತಾನೆ. ಪ್ರಬಂಧ ಬರೆಯಲು ಅಷ್ಟು ಸಾಕು, ದುಡ್ಡು ಕೊಟ್ಟ ಗ್ರಾಹಕನಿಗೆ ಸಾಲದು. ಕೈ ಹಾಕದೆ ದಿನವಿಡೀ ಓಡುವ ಯಂತ್ರಕ್ಕೆ ಎಂಜಿನಿಯರುಗಳ ದಂಡೇ ಬೇಕು. ಕಂಪನಿ 2021ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆಗೂ ಬಂತು.