ವಾಟ್ಸನ್ ಕೇಳಿದ ಹನ್ನೆರಡು ಶಿಶುಗಳು

ಪ್ರಶ್ನೆ: ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಭ್ಯಸಿಸುವ ವರ್ತನವಾದದ ಪಾಠ ಬಂದಾಗಲೆಲ್ಲ ಅಮೆರಿಕದ ಮನೋವಿಜ್ಞಾನಿ ಜಾನ್ ಬಿ. ವಾಟ್ಸನ್ ಅವರ ಒಂದು ಮಾತನ್ನು ಉದ್ಧರಿಸುತ್ತಾರೆ: ಆರೋಗ್ಯವಂತ ಶಿಶುಗಳನ್ನು ಒಂದು ಡಜನ್ ಕೊಡಿ, ಯಾವ ಮಗುವನ್ನು ಬೇಕಾದರೂ ವೈದ್ಯನನ್ನೋ ವಕೀಲನನ್ನೋ ಕಳ್ಳನನ್ನೋ ಮಾಡುತ್ತೇನೆ ಎಂದು. ಅವರು ನಿಜವಾಗಿಯೂ ಹೀಗೆ ಹೇಳಿದ್ದರೇ? ಹೇಳಿದ್ದನ್ನು ಮಾಡಿ ತೋರಿಸಿದರೇ?
– ಬಿ.ಎಡ್. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೇಳಿದ್ದು ನಿಜ, ಮಾಡಿ ತೋರಿಸಲಿಲ್ಲ. ಈ ಮಾತು ಬರುವುದು ಅವರ ‘ಬಿಹೇವಿಯರಿಸಂ’ ಪುಸ್ತಕದಲ್ಲಿ. ಅದು 1920ರ ದಶಕದ ಅಮೆರಿಕ; ಬುದ್ಧಿಯೂ ಅಪರಾಧವೂ ವಂಶದಿಂದಲೇ ಬರುತ್ತವೆ ಎಂಬ ನಂಬಿಕೆ ಕಾನೂನುಗಳನ್ನೂ ರೂಪಿಸುತ್ತಿದ್ದ ಕಾಲ. ಪಠ್ಯಗಳು ಸಾಮಾನ್ಯವಾಗಿ ಕೈಬಿಡುವ ಮುಂದಿನ ವಾಕ್ಯದಲ್ಲಿ ವಾಟ್ಸನ್, ತಾವು ಆಧಾರಗಳನ್ನು ಮೀರಿ ಮಾತನಾಡುತ್ತಿರುವುದನ್ನು ಒಪ್ಪಿಕೊಂಡು, ವಂಶವೇ ಎಲ್ಲ ಎನ್ನುವ ಎದುರು ಪಕ್ಷದವರು ಸಾವಿರಾರು ವರ್ಷಗಳಿಂದ ಅದನ್ನೇ ಮಾಡುತ್ತ ಬಂದಿದ್ದಾರೆ ಎಂದು ಸೇರಿಸುತ್ತಾರೆ. ಅದು ಸವಾಲೇ ಹೊರತು ಸಂಶೋಧನೆಯ ಫಲಿತಾಂಶವಲ್ಲ.

ಅವರ ನಿಜವಾದ ಸಾಧನೆ ಬೇರೆ ಕಡೆ ಇದೆ. 1878ರಲ್ಲಿ ದಕ್ಷಿಣ ಕೆರೊಲಿನಾದ ಹಳ್ಳಿಗಾಡಿನಲ್ಲಿ ಹುಟ್ಟಿ, ತಂದೆ ಮನೆ ಬಿಟ್ಟುಹೋದ ಬಡತನದಲ್ಲಿ ಬೆಳೆದ ಈತ, ಇಲಿಗಳ ಕಲಿಕೆಯನ್ನು ಅಭ್ಯಸಿಸಿ 1903ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಇಲಿಯನ್ನು ‘ನಿನಗೆ ಏನನ್ನಿಸುತ್ತಿದೆ’ ಎಂದು ಕೇಳುವಂತಿಲ್ಲ. ಅದು ಏನು ಮಾಡುತ್ತದೆ ಎಂದು ನೋಡಬೇಕು, ಅಷ್ಟೇ. ಮನುಷ್ಯನ ವಿಷಯದಲ್ಲೂ ಅಂತರಾವಲೋಕನವನ್ನು, ಅಂದರೆ ತನ್ನ ಮನಸ್ಸನ್ನು ತಾನೇ ನೋಡಿಕೊಂಡು ಹೇಳುವುದನ್ನು ಬಿಟ್ಟು, ಕಣ್ಣಿಗೆ ಕಾಣುವ ವರ್ತನೆಯನ್ನೇ ಅಳೆಯಬೇಕೆಂದು 1913ರ ಲೇಖನದಲ್ಲಿ ಅವರು ವಾದಿಸಿದರು. ವರ್ತನವಾದದ ಘೋಷಣಾಪತ್ರವೆಂದು ಹೆಸರಾದ ಲೇಖನ ಅದು. ಎರಡೇ ವರ್ಷಗಳಲ್ಲಿ ಅವರು ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾದರು.

ಪ್ರಶ್ನೆ: ‘ಪುಟ್ಟ ಆಲ್ಬರ್ಟ್’ ಎಂಬ ಮಗುವಿಗೆ ವಾಟ್ಸನ್ ಭಯ ಕಲಿಸಿದರಂತೆ. ಆ ಭಯವನ್ನು ಮತ್ತೆ ತೆಗೆದರೇ?
– ಓದುಗರು, ಹಾಸನ

ಉತ್ತರ: ಇಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಾಟ್ಸನ್ ಮತ್ತು ಅವರ ವಿದ್ಯಾರ್ಥಿನಿ ರೊಸಾಲಿ ರೇನರ್ ನಡೆಸಿ 1920ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಆಲ್ಬರ್ಟ್ ಎಂದು ಕರೆಯಲಾದ ಹನ್ನೊಂದು ತಿಂಗಳ ಮಗು ಮೊದಲು ಬಿಳಿ ಇಲಿಗೆ ಹೆದರುತ್ತಿರಲಿಲ್ಲ. ಇಲಿಯನ್ನು ಮುಟ್ಟಲು ಹೋದಾಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದು ದೊಡ್ಡ ಸದ್ದು ಮಾಡಿದರು. ಒಂದು ವಾರದ ಅಂತರದ ಎರಡು ಕೂಟಗಳಲ್ಲಿ, ಒಟ್ಟು ಏಳು ಬಾರಿ ಹೀಗೆ ಮಾಡಿದ ಮೇಲೆ, ಸದ್ದಿಲ್ಲದಿದ್ದರೂ ಇಲಿಯನ್ನು ಕಂಡೊಡನೆ ಮಗು ಅಳತೊಡಗಿತು. ಮುಂದೆ ಮೊಲ, ನಾಯಿ, ತುಪ್ಪಳದ ಕೋಟು ಕಂಡರೂ ಕಳವಳಪಟ್ಟಿತು. ಭಯವನ್ನು ಬಿಡಿಸುವ ಪ್ರಯತ್ನಕ್ಕೆ ಮೊದಲೇ ಮಗು ತಾನಿದ್ದ ಆಸ್ಪತ್ರೆಯಿಂದ ಹೊರಟುಹೋಯಿತು. ಒಂದೇ ಮಗುವಿನ ಮೇಲೆ, ಸಂಶೋಧಕರ ಸ್ವಂತ ಅಂದಾಜನ್ನೇ ಅಳತೆಗೋಲಾಗಿಸಿಕೊಂಡು ನಡೆಸಿದ ಪ್ರಯೋಗ ವಿಜ್ಞಾನವಾಗಿಯೂ ದುರ್ಬಲ. ನೀತಿಯ ದೃಷ್ಟಿಯಿಂದ ಇಂದು ಯಾವ ಸಮಿತಿಯೂ ಇದಕ್ಕೆ ಅನುಮತಿ ಕೊಡಲಾರದು.

ಬಾಕಿ ಉಳಿದ ಆ ಕೆಲಸವನ್ನು ವಾಟ್ಸನ್ನರ ಸಲಹೆ ಪಡೆದು ಮಾಡಿದವರು ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಮಗು ಮೊಲವನ್ನು ನೇವರಿಸಿತು. 1924ರಲ್ಲಿ ಪ್ರಕಟವಾದ ಈ ಪ್ರಯೋಗವೇ ಇಂದಿನ ವರ್ತನಾ ಚಿಕಿತ್ಸೆಯ ಬೇರು. ವಾಟ್ಸನ್ ಪರಂಪರೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಇದಕ್ಕೇ.

ಪ್ರಶ್ನೆ: ಅವರು ಮನೋವಿಜ್ಞಾನವನ್ನು ಬಿಟ್ಟು ಜಾಹೀರಾತಿಗೆ ಹೋದದ್ದೇಕೆ? ಸ್ವಂತ ಮಕ್ಕಳನ್ನು ಹೇಗೆ ಬೆಳೆಸಿದರು?
– ಗೃಹಿಣಿ, ಶಿವಮೊಗ್ಗ

ಉತ್ತರ: ಹೋದದ್ದಲ್ಲ, ಹೋಗಬೇಕಾಯಿತು. ವಿವಾಹಿತರಾಗಿದ್ದ ವಾಟ್ಸನ್ನರಿಗೂ ರೇನರ್ ಅವರಿಗೂ ಇದ್ದ ಸಂಬಂಧ ಬಯಲಾಗಿ, 1920ರಲ್ಲಿ ವಿಶ್ವವಿದ್ಯಾಲಯ ರಾಜೀನಾಮೆ ಪಡೆಯಿತು. ವಿಚ್ಛೇದನದ ನಂತರ ಇಬ್ಬರೂ ಮದುವೆಯಾದರು. ಜೆ. ವಾಲ್ಟರ್ ಥಾಂಪ್ಸನ್ ಜಾಹೀರಾತು ಸಂಸ್ಥೆ ಸೇರಿದ ಪ್ರೊಫೆಸರು ಕಾಫಿ ಮಾರಿದರು, ಅಂಗಡಿಯ ಗುಮಾಸ್ತರಾಗಿ ನಿಂತರು. 1924ರ ಹೊತ್ತಿಗೆ ಉಪಾಧ್ಯಕ್ಷರಾಗಿದ್ದರು. ಹೊಸ ಸರಕಿನ ಮಾರಾಟ ಏರುವುದನ್ನು ನೋಡುವುದೂ ಪ್ರಾಣಿಯ ಕಲಿಕೆಯ ರೇಖೆಯನ್ನು ನೋಡುವಷ್ಟೇ ರೋಚಕವೆಂದು ಅವರು ಬರೆದುಕೊಂಡಿದ್ದಾರೆ.

ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಿಗ್ಗೆ ಕೈ ಕುಲುಕಿದರೆ ಸಾಕು ಎಂದು ತಾಯಂದಿರಿಗೆ 1928ರ ಪುಸ್ತಕದಲ್ಲಿ ಬೋಧಿಸಿದವರೂ ಇವರೇ. ರೊಸಾಲಿಯವರಿಂದ ಪಡೆದ ಇಬ್ಬರು ಗಂಡುಮಕ್ಕಳೂ ಈ ನಿಯಮದಲ್ಲೇ ಬೆಳೆದರು; ಹಿರಿಯವನು ಮನೋವೈದ್ಯನಾಗಿ, ಕೊನೆಗೆ ಆತ್ಮಹತ್ಯೆ ಮಾಡಿಕೊಂಡ. ಆ ಸಾವಿಗೆ ತಂದೆಯ ನಿಯಮಗಳೇ ಕಾರಣವೆಂದು ಸರಳವಾಗಿ ಹೇಳಿಬಿಡುವುದು ಇನ್ನೊಂದು ಅತಿರೇಕವಾದೀತು. 1936ರ ಆತ್ಮಕಥನದಲ್ಲಿ ವಾಟ್ಸನ್ ಆ ಪುಸ್ತಕದ ಬಗ್ಗೆ ವಿಷಾದಿಸಿ, ಅದನ್ನು ಬರೆಯುವಷ್ಟು ತಿಳಿವಳಿಕೆ ತಮಗಿರಲಿಲ್ಲ ಎಂದರು. ರೊಸಾಲಿಯಾದರೋ 1930ರಷ್ಟು ಹಿಂದೆಯೇ ಪತ್ರಿಕೆಯೊಂದರಲ್ಲಿ, ಈ ವಿಚಾರದಲ್ಲಿ ತಾವು ಪೂರ್ತಿ ಗಂಡನ ಪಕ್ಷವಲ್ಲವೆಂದು ನಗುನಗುತ್ತಲೇ ಬರೆದಿದ್ದರು.