ಪ್ರಧಾನಿ ಪದವಿ ಕೈತಪ್ಪಿದ ಬಟ್ಲರ್

ಪ್ರಶ್ನೆ: ನಮ್ಮಜ್ಜ 1937ರ ಚುನಾವಣೆಯಲ್ಲಿ ಮತ ಹಾಕಿದ್ದರೆಂದು ಮನೆಯಲ್ಲಿ ಈಗಲೂ ಹೇಳುತ್ತಾರೆ, ಅವರ ತೀರ್ವೆ ರಶೀದಿಗಳ ಕಟ್ಟು ಅಟ್ಟದ ಪೆಟ್ಟಿಗೆಯಲ್ಲಿದೆ. ಆ ಚುನಾವಣೆಗೆ ದಾರಿ ಮಾಡಿದ ಕಾನೂನಿನ ಹಿಂದೆ ಬಟ್ಲರ್ ಎಂಬ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕರಿದ್ದರಂತೆ. ಅವರು ಯಾರು? ಪ್ರಧಾನಿಯಾಗಲಿಲ್ಲವೇಕೆ?
— ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು)

ಉತ್ತರ: ರಿಚರ್ಡ್ ಆಸ್ಟಿನ್ ಬಟ್ಲರ್ ಹುಟ್ಟಿದ್ದು 1902ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಅಟಕ್‌ನಲ್ಲಿ. ತಂದೆ ಬ್ರಿಟಿಷ್ ಭಾರತದ ಆಡಳಿತ ಸೇವೆಯಲ್ಲಿದ್ದರು. ಆರನೆಯ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದು ಮುರಿದ ಬಲಗೈ ಅವರಿಗೆ ಕೊನೆಯವರೆಗೂ ಪೂರ್ತಿ ಸ್ವಾಧೀನಕ್ಕೆ ಬರಲಿಲ್ಲ.

1932ರಲ್ಲಿ ಭಾರತ ವ್ಯವಹಾರಗಳ ಉಪಮಂತ್ರಿಯಾದ ಅವರು, ಸ್ವಪಕ್ಷದ ಚರ್ಚಿಲ್ ಅವರೇ ಕಟುವಾಗಿ ವಿರೋಧಿಸಿದ್ದ 1935ರ ಭಾರತ ಸರಕಾರ ಕಾಯಿದೆಯನ್ನು ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಯಲ್ಲಿ ದಾಟಿಸುವುದಕ್ಕೆ ಹಿರಿಯ ಮಂತ್ರಿ ಸ್ಯಾಮ್ಯುಯೆಲ್ ಹೋರ್ ಅವರಿಗೆ ಹೆಗಲು ಕೊಟ್ಟರು. ಆಸ್ತಿ, ತೆರಿಗೆ, ಅಕ್ಷರಜ್ಞಾನ ಮೊದಲಾದ ಅರ್ಹತೆ ಇದ್ದವರಿಗಷ್ಟೇ ಮತವಿದ್ದ ಕಾಲವದು. ಅಜ್ಜನವರ ಆ ರಶೀದಿಗಳನ್ನು ದಯವಿಟ್ಟು ಗೆದ್ದಲಿನಿಂದ ಕಾಪಾಡಿಕೊಳ್ಳಿ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಚುನಾವಣೆಯ ಬಳಿಕ ಜುಲೈಯಲ್ಲಿ ರಾಜಾಜಿಯವರ ಮಂತ್ರಿಮಂಡಲ ಬಂತು.

ಆದರೆ ಬಟ್ಲರ್ ಅವರ ನಿಜವಾದ ಸಾಧನೆ 1944ರ ಶಿಕ್ಷಣ ಕಾಯಿದೆಯೆಂದೇ ನನ್ನ ಭಾವನೆ. ಮತೀಯ ಜಗಳ ಎದ್ದೀತೆಂದು ಚರ್ಚಿಲ್ ಅಂಜಿದ್ದರೂ, ಯುದ್ಧದ ನಡುವೆಯೇ ಚರ್ಚುಗಳ ಮುಖ್ಯಸ್ಥರೊಂದಿಗೆ ತಾಳ್ಮೆಯಿಂದ ಮಾತಾಡಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರಕಾರಿ ವ್ಯವಸ್ಥೆಯ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಪ್ರೌಢಶಿಕ್ಷಣ ಉಚಿತವಾಗಿ ಸಿಗುವಂತೆ ಮಾಡಿದರು. ಕನ್ನಡ ಶಾಲೆಗಾಗಿ ಹೋರಾಡುತ್ತ ಬಂದ ಗಡಿನಾಡಿನ ನಮಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಹಣಕಾಸು, ಗೃಹ, ವಿದೇಶಾಂಗ ಖಾತೆಗಳನ್ನೆಲ್ಲ ನಿರ್ವಹಿಸಿದರು. 1953ರಲ್ಲಿ ಪ್ರಧಾನಿ ಚರ್ಚಿಲ್, ವಿದೇಶಾಂಗ ಮಂತ್ರಿ ಈಡನ್ ಇಬ್ಬರೂ ಕಾಯಿಲೆ ಬಿದ್ದಾಗ ಸಂಪುಟವನ್ನು ನಡೆಸಿದವರೂ ಇವರೇ. ಈಜಿಪ್ಟಿನ ಸೂಯೆಜ್ ಕಾಲುವೆಯ ವಿಷಯದಲ್ಲಾದ ಸೋಲಿನ ಬಳಿಕ, 1957ರಲ್ಲಿ, ಆಗ ಪ್ರಧಾನಿಯಾಗಿದ್ದ ಈಡನ್ ಕೆಳಗಿಳಿದಾಗ, ಹೆಚ್ಚಿನ ಮಂತ್ರಿಗಳ ಒಲವು ಬಟ್ಲರ್ ಬದಲು ಮ್ಯಾಕ್ಮಿಲನ್ ಕಡೆಗಿತ್ತು. 1963ರಲ್ಲಿ ಮ್ಯಾಕ್ಮಿಲನ್ ಅವರ ಬಳಿಕ ಪ್ರಧಾನಿ ಪದವಿಗೆ ಹ್ಯೂಮ್ ಅವರನ್ನು ಆರಿಸಿದಾಗ ಸಂಪುಟದ ಪವೆಲ್ ಮತ್ತು ಮ್ಯಾಕ್ಲಿಯಡ್ ಮಂತ್ರಿಗಿರಿಯನ್ನೇ ಒಲ್ಲೆನೆಂದರು. ಬಟ್ಲರ್ ಅವರೂ ಹಾಗೆಯೇ ನಿರಾಕರಿಸಿದ್ದರೆ ಹ್ಯೂಮ್ ಸರಕಾರ ರಚಿಸುವುದೇ ಕಷ್ಟವಿತ್ತು. ಪಕ್ಷ ಒಡೆಯುವುದು ಬಟ್ಲರ್ ಅವರಿಗೆ ಬೇಡವಾಗಿತ್ತು. ವಿದೇಶಾಂಗ ಖಾತೆಯನ್ನು ಒಪ್ಪಿಕೊಂಡರು. ಅದನ್ನು ದೌರ್ಬಲ್ಯವೆನ್ನಲು ನನಗೆ ಮನಸ್ಸಾಗುವುದಿಲ್ಲ.

1965ರಲ್ಲಿ ರಾಜಕೀಯ ಬಿಟ್ಟು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥರಾದರು. ಈಗಿನ ದೊರೆ ಚಾರ್ಲ್ಸ್ ಅಲ್ಲಿ ಓದಿದ್ದು ಅವರ ಕಾಲದಲ್ಲಿಯೇ. ಬಟ್ಲರ್ ತೀರಿಕೊಂಡದ್ದು 1982ರಲ್ಲಿ.