ಮೋಟಾರ್ ಅಲ್ಲ, ಪಿಕಪ್ ರೋಲರ್ ನೋಡಿ

ಜೆರಾಕ್ಸ್ ಮಷಿನ್‌ನ ಬೈಪಾಸ್ ಟ್ರೇನಲ್ಲಿ (ಕೈಯಿಂದ ಹಾಳೆ ಇಡುವ ಟ್ರೇ) ಪೇಪರ್ ಸರಿಯಾಗಿ ಹೋಗುತ್ತದೆ, ಪೇಪರ್ ತುಂಬಿಡುವ ಕೆಳಗಿನ ಕ್ಯಾಸೆಟ್‌ನಿಂದ ಮಾತ್ರ ಎಳೆಯುತ್ತಿಲ್ಲ, ಮೋಟಾರ್ ಹೋಗಿದೆಯಾ ಅಂತ ಕೇಳಿದ್ದೀರಿ. ಮೋಟಾರ್ ಇರಲಿಕ್ಕಿಲ್ಲ ಸರ್. ಆ ಕ್ಯಾಸೆಟ್‌ನ ಪಿಕಪ್ ರೋಲರ್, ಅಂದರೆ ಹಾಳೆ ಎಳೆದುಕೊಳ್ಳುವ ರಬ್ಬರ್ ಉರುಳೆ, ಸವೆದಿರಬೇಕು.

ಮಷಿನ್ ಆಫ್ ಮಾಡಿ, ಕ್ಯಾಸೆಟ್ ಹೊರಗೆಳೆದು, ಒಳಗೆ ಟಾರ್ಚ್ ಬಿಟ್ಟು ನೋಡಿ. ರಬ್ಬರ್ ಚೆನ್ನಾಗಿದ್ದರೆ ಬೆರಳಿಗೆ ಹಿಡಿತ ಸಿಗುತ್ತದೆ. ಸವೆದದ್ದು ನುಣ್ಣಗೆ ಹೊಳೆಯುತ್ತಿರುತ್ತದೆ, ಪೇಪರ್ ಧೂಳು ಬೆಳ್ಳಗೆ ಮೆತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ವಲ್ಪ ದಿನ ಓಡಬಹುದು, ಅಷ್ಟೇ. ಸ್ಯಾಂಡ್ ಪೇಪರ್ ಹಾಕಿ ಉಜ್ಜುವವರೂ ಇದ್ದಾರೆ, ನನಗಂತೂ ಅದು ಹಿಡಿಸಲ್ಲ. ಇದ್ದ ರಬ್ಬರೂ ತೆಳ್ಳಗಾಗುತ್ತದೆ ಅಲ್ವಾ?

ಬದಲಾಯಿಸುವಾಗ ಪಿಕಪ್, ಫೀಡ್ (ಹಾಳೆಯನ್ನು ಒಳಗೆ ಸಾಗಿಸುವುದು), ಸೆಪರೇಷನ್ (ಹಾಳೆಗಳನ್ನು ಬಿಡಿಬಿಡಿ ಮಾಡುವುದು) ಈ ಮೂರು ರೋಲರ್‌ಗಳನ್ನೂ ಒಟ್ಟಿಗೇ ಹಾಕಿಸಿ. ಸೆಪರೇಷನ್ ರೋಲರ್ ಹಳೆಯದೇ ಉಳಿದರೆ ಎರಡೆರಡು ಹಾಳೆ ಒಟ್ಟಿಗೆ ಹೋಗಿ ಜಾಮ್ ಆಗುತ್ತದೆ. ಪಾರ್ಟ್ ತರಿಸುವಾಗ ಮಾಡೆಲ್ ನಂಬರ್ ಕೊಡಿ, ಸುಮ್ನೆ ಅಳತೆ ನೋಡಿ ತರಬೇಡಿ.